ಮೊದಲ ಮನೆ ಕೊಳ್ಳುವವರು ಬಡ್ಡಿ ಸಹಾಯಧನ ಬಿಡಬೇಡಿ

ಚಿಕ್ಕಮಗಳೂರು ನಗರದಲ್ಲಿ ಮೊದಲ ಮನೆಗೆ ಸಾಲ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಬಡ್ಡಿ ಸಹಾಯಧನವಿದೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷ, ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ರೂಪಾಯಿ ಮೀರಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ. 4ರಷ್ಟು ಬಡ್ಡಿ ಸಹಾಯ. ಒಟ್ಟು ಗರಿಷ್ಠ 1.80 ಲಕ್ಷ.

ಊರಿನಲ್ಲಿ ಅಪ್ಪನ ಹೆಸರಿನಲ್ಲಿ ಮನೆಯಿದೆ ಎಂದು ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಇಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮದುವೆಯಾದವರಿಗೆ ಅಪ್ಪನ ಮನೆ ಅಡ್ಡಿಯಲ್ಲ. ನಿಮ್ಮ, ನಿಮ್ಮ ಸಂಗಾತಿಯ ಅಥವಾ ಮದುವೆಯಾಗದ ಮಕ್ಕಳ ಹೆಸರಿನಲ್ಲಿ ದೇಶದ ಎಲ್ಲಿಯೂ ಪಕ್ಕಾ ಮನೆ ಇರಬಾರದು.

ಇನ್ನೊಂದು ಮಾತು, ಬಹಳ ಮುಖ್ಯ. ಸಹಾಯಧನ ಒಮ್ಮೆಲೇ ಬರುವುದಿಲ್ಲ, ಐದು ವಾರ್ಷಿಕ ಕಂತುಗಳಲ್ಲಿ ಬರುತ್ತದೆ. ಕಂತು ಬರುವಾಗ ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಕಾಫಿ ಮಾರಿದ ಹಣ ಕೈಗೆ ಬಂತೆಂದು ಆತುರದಿಂದ ಸಾಲ ತೀರಿಸಿದರೆ ಉಳಿದ ಕಂತುಗಳು ಕೈತಪ್ಪುತ್ತವೆ. ನಮ್ಮ ಕಡೆ ಸಾಲವೆಂದರೆ ಭಯ, ಅದು ನನಗೂ ಗೊತ್ತು. ಆದರೂ ಮೊದಲು ಲೆಕ್ಕ ಹಾಕಿ.

ಮುಂಗಡ ಕೊಡುವ ಮೊದಲು ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಮತ್ತು ಋಣಭಾರ ಪ್ರಮಾಣಪತ್ರವನ್ನು (ಆಸ್ತಿಯ ಮೇಲೆ ನೋಂದಾಯಿತ ಸಾಲ, ವ್ಯವಹಾರ ತೋರಿಸುವ ಪತ್ರ) ಕೇಳಿ ನೋಡಿ.