ತೆಳ್ಳನೆಯ ಟ್ಯೂಬ್‌ಲೆಸ್ ಟಯರಿಗೆ ಒಳಗಿನಿಂದ ಪ್ಯಾಚ್: ನನ್ನ ಅನುಭವ

ರೋಡ್ ಬೈಕ್, ಅಂದರೆ ತೆಳ್ಳನೆಯ ಟಯರಿನ ವೇಗದ ಸೈಕಲ್. ಅದರ ಟ್ಯೂಬ್‌ಲೆಸ್ ಟಯರಿಗೆ ಒಳಗಿನಿಂದ ಪ್ಯಾಚ್ ಹಾಕಿದರೆ ನಿಲ್ಲಲ್ಲ. ನಮ್ಮ ರೈಡಿಂಗ್ ಗುಂಪಿನಲ್ಲಿ ಎಲ್ಲರದೂ ಇದೇ ಮಾತಾಗಿತ್ತು. ಈಗ ನನ್ನ ಹಿಂದಿನ ಚಕ್ರದ ಟಯರಿನಲ್ಲಿ ಮೂರು ಪ್ಯಾಚ್ ಇವೆ. ಅದೇ ಟಯರಿನಲ್ಲಿ 300 ಕಿಲೋಮೀಟರಿನ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ರೈಡು) ಮುಗಿಸಿದ್ದೇನೆ. ನಂದಿ ಬೆಟ್ಟದ ಇಳಿಜಾರಿನಲ್ಲೂ ಧೈರ್ಯವಾಗಿ ಬಿಟ್ಟಿದ್ದೇನೆ. ಪ್ಯಾಚ್ ಹಾಕಿದ ಜಾಗದಿಂದ ಇವತ್ತಿನವರೆಗೆ ಗಾಳಿ ಹೋಗಿಲ್ಲ. ನಕ್ಕವರಲ್ಲಿ ಇಬ್ಬರು ತಮ್ಮ ಟಯರ್ ಹಿಡಿದುಕೊಂಡು ಮನೆಗೇ ಬಂದರು. ಅದಕ್ಕೇ ಬರೆದಿಡೋಣ ಅನ್ನಿಸಿತು.

ನನ್ನದು 28 ಮಿಲಿಮೀಟರ್ ಟಯರು, ಹುಕ್ ಇರುವ ರಿಮ್ಮು, ಅಂದರೆ ರಿಮ್ಮಿನ ಅಂಚು ಒಳಕ್ಕೆ ಬಾಗಿ ಟಯರನ್ನು ಹಿಡಿದುಕೊಳ್ಳುತ್ತೆ. ಗಾಳಿ ಹಿಂದೆ 70 ಪಿಎಸ್‌ಐ ಆಸುಪಾಸು, ಮುಂದೆ ಸ್ವಲ್ಪ ಕಡಿಮೆ. ದೇವನಹಳ್ಳಿ ಕಡೆ ಹೈವೇ ಅಂಚಿನಲ್ಲಿ ಓಡಿಸುವವರಿಗೆ ಅಲ್ಲಿ ಏನೇನು ಬಿದ್ದಿರುತ್ತೆ ಅಂತ ಗೊತ್ತಿದೆ. ಸಿಡಿದ ಲಾರಿ ಟಯರಿನ ಚೂರುಗಳು, ಅವುಗಳಿಂದ ಉದುರಿದ ಸಣ್ಣ ಉಕ್ಕಿನ ತಂತಿಗಳು. ತಂತಿ ಮಾಡಿದ ತೂತನ್ನು ಸೀಲೆಂಟ್ (ಟಯರಿನೊಳಗೆ ಹಾಕಿಡುವ ರಬ್ಬರ್ ಹಾಲಿನ ದ್ರವ) ತಾನೇ ಮುಚ್ಚಿಬಿಡುತ್ತೆ, ಎಷ್ಟೋ ಸಲ ನಮಗೆ ಗೊತ್ತೇ ಆಗಲ್ಲ. ಕಾಟ ಕೊಡೋದು ಬಿಯರ್ ಬಾಟಲಿಯ ಗಾಜು. ಎರಡು ಮೂರು ಮಿಲಿಮೀಟರಿನ ಸೀಳು ಬಿದ್ದರೆ ಸಾಕು, ಸೀಲೆಂಟು ಪಿಚಕಾರಿ ಥರ ಚಿಮ್ಮಿ ಫ್ರೇಮು, ಜೆರ್ಸಿ, ಹಿಂದೆ ಬರುವವನ ಕನ್ನಡಕ ಎಲ್ಲಾ ಬೆಳ್ಳಗೆ. ಗಾಳಿ 35-40ಕ್ಕೆ ಇಳಿದಾಗ ಮುಚ್ಚಿಕೊಳ್ಳುತ್ತೆ. ಮತ್ತೆ 65ಕ್ಕೆ ತುಂಬಿಸಿದರೆ ಎರಡು ಊರು ದಾಟುವಷ್ಟರಲ್ಲಿ ಮತ್ತೆ ಬಾಯಿ ಬಿಡುತ್ತೆ. ಎಂಟಿಬಿಯವರು, ಅಂದರೆ ದಪ್ಪ ಟಯರಿನ ಮೌಂಟನ್ ಬೈಕಿನವರು, "ಸೀಲೆಂಟ್ ಇದ್ಯಲ್ಲ ಗುರು, ಇನ್ನೇನು" ಅಂತಾರೆ. ಅವರು 25 ಪಿಎಸ್‌ಐನಲ್ಲಿ ಓಡಿಸ್ತಾರೆ, ಅವರಿಗೇನು.

ಹೊರಗಿನಿಂದ ತೂತಿಗೆ ತುರುಕುವ ಪ್ಲಗ್ ಹಾಕಿ ಮನೆ ಸೇರಬಹುದು, ಅಷ್ಟೇ. ಹಿಡಿದುಕೊಳ್ಳೋಕೆ ಟಯರಿನಲ್ಲಿ ಮಾಂಸ ಬೇಕಲ್ಲ? ನಮ್ಮ ಟಯರಿನ ರಬ್ಬರು, ದಾರ ಎಲ್ಲಾ ಸೇರಿಸಿದರೂ ಮೂರು ಮಿಲಿಮೀಟರ್ ಇದ್ದರೆ ಹೆಚ್ಚು. ಒಂದೆರಡು ವಾರ ನಿಂತ ಪ್ಲಗ್ ಕನಕಪುರ ರಸ್ತೆಯ ಒಂದು ಹಂಪಿನಲ್ಲಿ ಹಾರಿಹೋಯಿತು. ಸ್ಕೂಟರಿಗೆ ಹಾಕುವ ಕಂದು ಸ್ಟ್ರಿಪ್ಪಿನ ಸುದ್ದಿಗಂತೂ ಹೋಗಬೇಡಿ. ಅದನ್ನು ತೂರಿಸೋಕೆ ಮೊದಲು ಚುಚ್ಚುವ ಆ ರೀಮರ್ ಒಂದೇ ಸಾಕು, ಒಳಗಿನ ದಾರ ಕಡಿದುಹೋಗುತ್ತೆ. ಸ್ಟ್ರಿಪ್ಪನ್ನು ಉದ್ದಕ್ಕೆ ಸೀಳಿ, ಅರ್ಧ ದಪ್ಪ ಮಾಡಿ ರೀಮರ್ ಇಲ್ಲದೆ ತೂರಿಸಿಯೂ ನೋಡಿದೆ. ಹಳೇ ಟಯರಿನಲ್ಲಿ ಪರವಾಗಿಲ್ಲ. ಹೊಸದರಲ್ಲಿ ಊದಿಕೊಂಡು ಪ್ರತಿ ಸುತ್ತಿಗೂ ಟಪ್ ಟಪ್ ಅನ್ನುತ್ತೆ.

ಒಂದು ಸೈಕಲ್ ಅಂಗಡಿಯಲ್ಲಿ ಕೇಳಿದೆ. "ಹೊಸದು ಹಾಕ್ಸಿಬಿಡಿ ಸರ್, ಸೇಫ್ಟಿ" ಅಂದರು. ಒಂದು ಟಯರಿಗೆ ಆರು ಸಾವಿರದ ಹತ್ತಿರ. ನನ್ನದು ಆಗಿನ್ನೂ ಐನೂರು ಕಿಲೋಮೀಟರ್ ಕೂಡ ಓಡಿರಲಿಲ್ಲ, ಅಚ್ಚಿನ ಗೆರೆ ಹಾಗೇ ಇತ್ತು. ಅದನ್ನು ಬಿಸಾಕೋಕೆ ಮನಸ್ಸು ಬರಲಿಲ್ಲ.

ಮೊದಲು ಹಳೇ ಟ್ಯೂಬಿನ ತುಂಡು ಕತ್ತರಿಸಿ ಸೂಪರ್ ಗ್ಲೂನಲ್ಲಿ ಅಂಟಿಸಿದೆ. ಅದು ಗಟ್ಟಿಯಾಗಿ ಒಣಗುತ್ತೆ, ಟಯರ್ ಬಾಗುತ್ತಾ ಇರುತ್ತೆ. ಎರಡನೇ ದಿನಕ್ಕೆ ಬಿರುಕು. ಆಮೇಲೆ ಅದೇ ತುಂಡಿಗೆ ಸಲ್ಯೂಷನ್, ಅಂದರೆ ಪಂಚರ್ ಅಂಟು. ನೆರಳಿನಲ್ಲಿ ಚೆನ್ನಾಗಿ ನಿಂತಿತು. ಏಪ್ರಿಲ್ ಬಿಸಿಲಿನ ಡಾಂಬರಿನ ಮೇಲೆ ಓಡಿಸಿದ ಮೇಲೆ ಬಿಚ್ಚಿ ನೋಡಿದರೆ ತುಂಡು ತೂತಿನಿಂದ ಅರ್ಧ ಇಂಚು ಪಕ್ಕಕ್ಕೆ ಜಾರಿತ್ತು. ಪಂಚರ್ ಕಿಟ್ಟಿನ ಪ್ಯಾಚಿಗೆ ಅಡಿಯಲ್ಲಿ ಪೂರ್ತಿ ಬೇಯದ ರಬ್ಬರಿನ ಪದರ ಇರುತ್ತೆ. ಅದು ಸಲ್ಯೂಷನ್ ಜೊತೆ ಸೇರಿ ಟಯರಿಗೆ ಬೆಸೆದುಕೊಳ್ಳುತ್ತೆ. ಟ್ಯೂಬಿನ ತುಂಡು ಸುಮ್ನೆ ಅಂಟಿಕೊಂಡಿರುತ್ತೆ ಅಷ್ಟೇ. ಸರಿ ಅಂತ ರೆಮಾ ಟಿಪ್ ಟಾಪ್ ಕಂಪನಿಯ ಅಂಥ ಪ್ಯಾಚ್ ತಂದೆ. ಅದೂ ಅಂಚಿನಿಂದ ಎದ್ದಿತು. ಇಲ್ಲಿಗೆ ಗುಂಪಿನವರ ಮುಖದ ಮೇಲೆ ನಗು.

ದಾರಿ ತೋರಿಸಿದ್ದು ನಮ್ಮ ಏರಿಯಾದ ಕಾರ್ ಪಂಚರ್ ಅಂಗಡಿಯವರು. ಕಾರಿನ ಟಯರಿಗೆ ಅವರು ಒಳಗಿನಿಂದ ಪ್ಯಾಚ್ ಹಾಕೋದನ್ನು ಪಕ್ಕದಲ್ಲೇ ನಿಂತು ನೋಡಿದೆ. ಕೆಲಸದ ಮುಕ್ಕಾಲು ಹೊತ್ತು ಕೆರೆಯೋದೇ. "ಪ್ಯಾಚಲ್ಲಿ ಏನೂ ಇಲ್ಲ ಸಾರ್. ಎಷ್ಟು ಕೆರೀತೀರ, ಎಷ್ಟು ಒಣಗಿಸ್ತೀರ, ಅದ್ರಲ್ಲೇ ಇರೋದು." ನನ್ನ ಟಯರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದಕ್ಕೂ ಟ್ಯೂಬ್‌ಲೆಸ್ಸಾ!" ಅಂತ ನಕ್ಕರು.

ಅವರ ಮಾತು ಸರಿ. ಆದರೆ ಕಾರಿನ ಟಯರಿನೊಳಗೆ ಸೀಲೆಂಟ್ ಇರಲ್ಲ, ನಮ್ಮದರಲ್ಲಿ ಇರುತ್ತೆ. ಒಣಗಿದ ಸೀಲೆಂಟು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಒಳಗೆಲ್ಲಾ ಪೊರೆ ಕಟ್ಟಿರುತ್ತೆ. ಪ್ಯಾಚ್ ಆ ಪೊರೆಗೆ ಗಟ್ಟಿಯಾಗಿ ಅಂಟುತ್ತೆ. ಪೊರೆ ಟಯರಿಗೆ ಅಂಟಿರಲ್ಲ. ನನ್ನ ಎದ್ದುಬಂದ ಪ್ಯಾಚಿನ ಅಡಿ ನೋಡಿದಾಗ ಬಿಳೀ ಪೊರೆ ಅದಕ್ಕೇ ಅಂಟಿಕೊಂಡು ಬಂದಿತ್ತು. ಬಟ್ಟೆಯಲ್ಲಿ ಒರೆಸಿದರೆ ಇದು ಹೋಗಲ್ಲ, ಸ್ಪಿರಿಟ್ಟಿಗೂ ಕರಗಲ್ಲ. ಒಣಗಿದ ಮೇಲೆ ಹೆಬ್ಬೆರಳು ಒತ್ತಿ ಉಜ್ಜಬೇಕು. ಸುರುಳಿ ಸುರುಳಿಯಾಗಿ ಏಳುತ್ತೆ. ಒಂದು ರೂಪಾಯಿ ನಾಣ್ಯದ ಎರಡರಷ್ಟು ಜಾಗಕ್ಕೆ ಕಾಲು ಗಂಟೆ ಹಿಡಿಯುತ್ತೆ, ಬೆರಳು ಉರಿಯುತ್ತೆ. ಸುರುಳಿ ಬರೋದು ನಿಂತ ಮೇಲೆಯೇ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸೋದು. ಪೆಟ್ರೋಲ್ ಬೇಡ, ಎಣ್ಣೆ ಜಿಡ್ಡು ಬಿಡುತ್ತೆ.

ಆಮೇಲೆ 120ರ ಉಪ್ಪುಕಾಗದ. ಕಿಟ್ಟಿನಲ್ಲಿ ಬರುವ ತುರಿಮಣೆಯಂಥ ತಗಡನ್ನು ಎಸೆದುಬಿಡಿ. ಹೊಳಪು ಹೋಗಿ ಮಾಸಲು ಕಪ್ಪಾದರೆ ಸಾಕು. ದಾರ ಕಾಣಿಸಿತೋ, ಜಾಸ್ತಿ ಆಯಿತು ಅಂತ. ಗಾಳಿ ತಡೆಯುವ ಪದರ ಅಲ್ಲಿ ತೀರಾ ತೆಳು. ಸಲ್ಯೂಷನ್ ತೆಳ್ಳಗೆ ಎರಡು ಸಲ. ಪ್ರತಿ ಸಲವೂ ಹತ್ತು ನಿಮಿಷ, ಮಳೆಗಾಲದಲ್ಲಿ ಇಪ್ಪತ್ತು. ಬೆರಳ ಹಿಂಬದಿ ತಾಗಿಸಿದರೆ ಅಂಟಬಾರದು. ಒದ್ದೆ ಇರುವಾಗಲೇ ಪ್ಯಾಚ್ ಒತ್ತುವವರೇ ಜಾಸ್ತಿ. ಸಲ್ಯೂಷನ್ನಿನ ಸಣ್ಣ ಟ್ಯೂಬುಗಳನ್ನೇ ತಗೊಳ್ಳಿ. ದುಡ್ಡು ಉಳಿಯುತ್ತೆ ಅಂತ ಜೆ.ಸಿ. ರೋಡಿನಿಂದ ದೊಡ್ಡ ಡಬ್ಬಿ ತಂದಿದ್ದೆ, ಅರ್ಧ ಮುಗಿಯೋಕೆ ಮುಂಚೆ ಗಟ್ಟಿಯಾಯಿತು. ಎರಡನೇ ಸಲ ಸಲ್ಯೂಷನ್ ಹಚ್ಚುವ ಮುಂಚೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದು ಇಲ್ಲಿ ಬೇಡ, ಎದುರಿಗೆ ಸಿಕ್ಕಾಗ ಹೇಳ್ತೀನಿ.

ಇನ್ನು ನಾನೇ ಕಂಡುಕೊಂಡ ವಿಷಯ. ಕೆಲಸಕ್ಕೆ ಸುಲಭ ಅಂತ ಎಲ್ಲರೂ ಟಯರನ್ನು ಒಳಗು ಹೊರಗು ಮಾಡಿ ಪ್ಯಾಚ್ ಅಂಟಿಸುತ್ತಾರೆ. ಆಗ ಒಳಮೈ ಉಬ್ಬಿ ಹಿಗ್ಗಿರುತ್ತೆ. ಮತ್ತೆ ಸರಿ ತಿರುಗಿಸಿದಾಗ ಟಯರ್ ಕುಗ್ಗುತ್ತೆ, ಪ್ಯಾಚ್ ಸುಕ್ಕಾಗುತ್ತೆ, ಅಂಚು ಏಳುತ್ತೆ. ಕಾರಿನ ದಪ್ಪ ಟಯರಿಗೆ ಈ ಸಮಸ್ಯೆ ಇಲ್ಲ. ಉಜ್ಜುವಾಗ ಬೇಕಾದರೆ ತಿರುಗಿಸಿ. ಪ್ಯಾಚ್ ಒತ್ತುವಾಗ ಮಾತ್ರ ಟಯರು ರಿಮ್ಮಿನ ಮೇಲೆ ಹೇಗೆ ಬಾಗಿರುತ್ತೋ ಹಾಗೇ ಇರಬೇಕು. ಹೊರಗಡೆಯಿಂದ ಒಂದು ಪಿವಿಸಿ ಪೈಪಿನ ಅರ್ಧ ಸೀಳನ್ನು ಆಸರೆ ಕೊಡುತ್ತೇನೆ. ಒಳಗಿನಿಂದ ಚಮಚದ ಬೆನ್ನಿನಲ್ಲಿ ಮಧ್ಯದಿಂದ ಅಂಚಿಗೆ ಒತ್ತುತ್ತಾ ಹೋಗುತ್ತೇನೆ. ಪ್ಯಾಚಿನ ಸುತ್ತ ಉಳಿದ ಸಲ್ಯೂಷನ್ ಮೇಲೆ ಪೌಡರ್. ರಾತ್ರಿಯಿಡೀ ಕ್ಲಾಂಪ್. ಹೊರಗಿನ ಸೀಳಿಗೆ ಒಂದು ತೊಟ್ಟು ಸೂಪರ್ ಗ್ಲೂ ಬಿಡುತ್ತೇನೆ, ಕಲ್ಲು ಸೇರದ ಹಾಗೆ. ಅದರ ಕೆಲಸ ಅಷ್ಟಕ್ಕೇ.

ಮಧ್ಯೆ ಒಂದು ಹುಚ್ಚು ಹತ್ತಿತ್ತು. ಸೀಲೆಂಟಿಗೆ ಸುಮ್ನೆ ದುಡ್ಡು ಸುರಿಯೋದ್ಯಾಕೆ, ಸುಳ್ಯದಲ್ಲಿ ನೆಂಟರ ರಬ್ಬರ್ ತೋಟವೇ ಇದೆಯಲ್ಲ ಅಂತ. ಬಾವನಿಗೆ ಫೋನ್ ಮಾಡಿದೆ. "ಅಮೋನಿಯ ಹಾಕದಿದ್ದರೆ ಸಂಜೆಯೊಳಗೆ ಹೆಪ್ಪುಗಟ್ಟುತ್ತದೆ ಮಾರಾಯ" ಅಂತ ಬೈದು, ಅಮೋನಿಯ ಹಾಕಿಯೇ ಎರಡು ಲೀಟರ್ ರಬ್ಬರ್ ಹಾಲು ಕಳಿಸಿದ. ನೀರು, ಗ್ಲೈಕಾಲ್, ಮಕ್ಕಳ ಕರಕುಶಲದ ಮಿಣಮಿಣ ಪುಡಿ ಎಲ್ಲಾ ಬೆರೆಸಿದೆ. ಮೊದಲ ವಾರ ಅದ್ಭುತ. ಆಮೇಲೆ ಟಯರ್ ತಿರುಗಿದಾಗೆಲ್ಲಾ ಒಳಗೆ ಏನೋ ಉರುಳುವ ಸದ್ದು. ಬಿಚ್ಚಿದರೆ ನಿಂಬೆ ಗಾತ್ರದ ರಬ್ಬರ್ ಉಂಡೆ, ಸುತ್ತ ಬರೀ ನೀರು. ಅಮೋನಿಯದ ಘಾಟಿಗೆ ಮನೆಯವರು ಬಾಲ್ಕನಿಯ ಬಾಗಿಲು ಹಾಕಿಕೊಂಡರು. ಉಳಿದದ್ದು ಈಗಲೂ ಬಾಟಲಿಯಲ್ಲಿದೆ. ನೀರಿನ ಪ್ರಮಾಣ ಕಡಿಮೆ ಮಾಡಿ ಇನ್ನೊಮ್ಮೆ ನೋಡಬೇಕು.

ಪ್ಯಾಚ್ ಹಾಕಿದ ಮರುದಿನ ಸೀಲೆಂಟ್ ಇಲ್ಲದೆಯೇ ಗಾಳಿ ತುಂಬಿ ಒಂದು ರಾತ್ರಿ ಬಿಡುತ್ತೇನೆ. ಹತ್ತು ಪಿಎಸ್‌ಐ ಇಳಿದರೆ ಚಿಂತೆಯಿಲ್ಲ, ಪೂರ್ತಿ ಚಪ್ಪಟೆಯಾದರೆ ಬಕೆಟ್ ನೀರಿಗೆ. ಆಮೇಲೆ 30 ಮಿಲಿ ಸೀಲೆಂಟ್. ಟಯರ್ ರಿಮ್ಮಿಗೆ ಕೂರದಿದ್ದರೆ ವಾಲ್ವಿನ ಒಳಗಿನ ಪಿನ್ನು ತೆಗೆದು, ಅಂಚಿಗೆ ಸೋಪು ನೀರು ಸವರಿ, ಪಂಚರ್ ಅಂಗಡಿಯ ಕಂಪ್ರೆಸರಿನಲ್ಲಿ ಒಂದೇ ಸಲ ಬಿಡಿಸುತ್ತೇನೆ. ಹುಕ್‌ಲೆಸ್, ಅಂದರೆ ಹುಕ್ ಇಲ್ಲದ ರಿಮ್ಮಿನವರು ಮಾತ್ರ ಅಲ್ಲಿಗೆ ಹೋಗಲೇಬೇಡಿ. ನಿಮ್ಮ ಮಿತಿ 5 ಬಾರ್, ಅಂದರೆ 72 ಚಿಲ್ಲರೆ ಪಿಎಸ್‌ಐ. ಕಂಪ್ರೆಸರ್ ಅದನ್ನು ಕಣ್ಣು ಮಿಟುಕಿಸುವುದರೊಳಗೆ ದಾಟುತ್ತೆ.

ಖರ್ಚು? ಪ್ಯಾಚು, ಸಲ್ಯೂಷನ್, ಕಾಗದ ಎಲ್ಲಾ ಸೇರಿ ಒಂದು ತೂತಿಗೆ ನಲವತ್ತು ಐವತ್ತು ರೂಪಾಯಿ. ನನ್ನದು, ಗೆಳೆಯರದು ಸೇರಿ ಉಳಿದ ಟಯರುಗಳ ಲೆಕ್ಕ ಇಪ್ಪತ್ತು ಸಾವಿರ ದಾಟಿರಬೇಕು. ಐದು ಮಿಲಿಮೀಟರಿಗಿಂತ ದೊಡ್ಡ ಸೀಳಿಗೆ ನಾನು ಕೈ ಹಾಕಲ್ಲ. ಪಕ್ಕದ ಗೋಡೆಯಲ್ಲಿ ತೂತಿದ್ದರೂ ಇಲ್ಲ, ಅಲ್ಲಿ ದಾರ ಹೋದರೆ ಪ್ಯಾಚ್ ಏನು ಮಾಡುತ್ತೆ? ಬೇರೆ ಟಯರಾದರೆ ಭಾನುವಾರ ಮಧ್ಯಾಹ್ನ ತನ್ನಿ. ಪ್ಯಾಚಿಗೆ ದುಡ್ಡು ಬೇಡ. ಸೀಲೆಂಟ್ ನಿಮ್ಮದು, ಒಳಗಿನ ಪೊರೆ ಉಜ್ಜೋ ಕೆಲಸವೂ ನಿಮ್ಮದೇ.