ಮಳೆ ಲೆಕ್ಕ ಮಕ್ಕಳ ಕೈಗೆ: ನಮ್ಮ ಮನೆಯ ಬೆಳಗಿನ ಅಳು ನಿಂತ ಬಗೆ

ಮಳೆಗಾಲದಲ್ಲಿ ಎರಡು ಚಿಕ್ಕ ಮಕ್ಕಳನ್ನು ಅಳಿಸದೆ ಶಾಲೆಗೆ ಹೊರಡಿಸೋದು ಆಗುವ ಮಾತಲ್ಲ ಅಂತ ನಮ್ಮ ಅತ್ತೆಯಿಂದ ಹಿಡಿದು ಪಕ್ಕದ ತೋಟದವರ ತನಕ ಎಲ್ಲರೂ ಹೇಳಿದ್ದರು. ಆಗುತ್ತೆ. ನಮ್ಮ ಮನೆಯಲ್ಲಿ ಎರಡು ಮಳೆಗಾಲದಿಂದ ಆಗುತ್ತಾ ಇದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮದು ಕೊಡಗಿನ ಸೋಮವಾರಪೇಟೆ ತಾಲ್ಲೂಕು, ಶಾಂತಳ್ಳಿ ಕಡೆ ಕಾಫಿ ತೋಟ. ಪುಷ್ಪಗಿರಿ ತಪ್ಪಲಿನ ಮಳೆ ಹೇಗಿರುತ್ತೆ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜುಲೈ ಬಂತು ಅಂದರೆ ಒಗೆದ ಯೂನಿಫಾರಂ ಒಲೆ ಮೇಲಿನ ಹಗ್ಗದಲ್ಲೇ ಒಣಗಬೇಕು. ಶಾಲೆಯ ವ್ಯಾನ್ ಎಂಟು ಗಂಟೆ ಹೊತ್ತಿಗೆ ಗೇಟಿಗೆ ಬರುತ್ತೆ. ಮನೆಯಿಂದ ಗೇಟಿಗೆ ತೋಟದೊಳಗೆ ಸುಮಾರು ಅರ್ಧ ಕಿಲೋಮೀಟರ್ ನಡೆಯಬೇಕು. ಆಗ ದೊಡ್ಡವಳಿಗೆ ಆರು ನಡೀತಿತ್ತು, ಚಿಕ್ಕವನಿಗೆ ನಾಲ್ಕು ತುಂಬಿರಲಿಲ್ಲ. ಇಬ್ಬರೂ ಕಂಬಳಿ ಬಿಟ್ಟು ಏಳುವವರೇ ಅಲ್ಲ.

ಮೊದಲು ಎಲ್ಲರಂತೆ ದುಡ್ಡು ಸುರಿದು ನೋಡಿದೆವು. ಕಿವಿ ಇರುವ ರೇನ್‌ಕೋಟು ತಂದೆವು. ನಡೆದರೆ ಲೈಟ್ ಹತ್ತುವ ಶೂ ತಂದೆವು. ಆ ಶೂ ಒಳಗೆ ನೀರು ಹೋಗಿ ಒಂದು ಕಾಲಿನ ಲೈಟ್ ಆರಲೇ ಇಲ್ಲ, ಇನ್ನೊಂದು ಕಾಲಿನದು ಹತ್ತಲೇ ಇಲ್ಲ. "ಈ ಕಾಲಿಗೆ ಕರೆಂಟ್ ಹೋಗಿದೆ, ಲೈನ್‌ಮ್ಯಾನ್ ಬರೋತನಕ ನಡೆಯಲ್ಲ" ಅಂತ ಚಿಕ್ಕವನು ದಾರಿ ಮಧ್ಯೆ ಕೂತುಬಿಟ್ಟ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿನ ಮಗು, ಅವನ ಮಾತಿನಲ್ಲಿ ತಪ್ಪು ಹುಡುಕುವುದು ಹೇಗೆ? ಗೇಟಿನ ತನಕ ಎತ್ತಿಕೊಂಡೇ ಹೋದೆ.

ಆಮೇಲೆ ಚಾಕೊಲೇಟು. ಎದ್ದರೆ ಒಂದು ಅಂತ ಶುರುವಾಯಿತು. ವಾರ ಕಳೆಯುವುದರೊಳಗೆ ಏಳುವುದಕ್ಕೆ ಒಂದು, ಹಲ್ಲುಜ್ಜುವುದಕ್ಕೆ ಒಂದು ಆಯಿತು. ಗೊಂಬೆಯೂ ಎದ್ದಿದೆ, ಅದಕ್ಕೂ ಒಂದು ಬೇಕು ಅಂತ ದೊಡ್ಡವಳು ಲೆಕ್ಕ ಒಪ್ಪಿಸಿದಳು. ಗೊಂಬೆಯ ಪಾಲು ಯಾರು ತಿನ್ನುತ್ತಾರೆ ಅಂತ ಕೇಳಿದೆ. "ಅದಕ್ಕೆ ಹಲ್ಲಿಲ್ಲ ಅಲ್ವಾ, ನಾನೇ ಅಗಿದು ಕೊಡ್ತೀನಿ" ಅಂದಳು.

ಮೊಬೈಲ್ ತೋರಿಸಿ ತಿಂಡಿ ತಿನ್ನಿಸುವುದು ಎಲ್ಲರ ಮನೆಯಲ್ಲೂ ಇರುವ ಕಥೆ. ನಮ್ಮಲ್ಲಿ ಅದು ಮೊಬೈಲ್ ಸಾಂಬಾರಿನೊಳಗೆ ಬಿದ್ದ ದಿನ ಮುಗಿಯಿತು. ಕುಶಾಲನಗರದಲ್ಲಿ ರಿಪೇರಿಗೆ ಮೂರೂವರೆ ಸಾವಿರದ ಹತ್ತಿರ ಕೇಳಿದರು. ರೇನ್‌ಕೋಟು, ಶೂ, ಚಾಕೊಲೇಟು, ಗೋಡೆಗೆ ಅಂಟಿಸುವ ಸ್ಟಾರ್, ಕೋಳಿಯಂತೆ ಕೂಗುವ ಅಲಾರಂ, ಎಲ್ಲ ಸೇರಿ ಆ ಒಂದು ಮಳೆಗಾಲಕ್ಕೆ ಏಳೆಂಟು ಸಾವಿರ ಹೋಗಿರಬೇಕು. ಅಲಾರಂ ಕೂಗಿದರೆ ನಿಜವಾದ ಹುಂಜವೂ ಕೂಗುತ್ತಿತ್ತು. ಮಕ್ಕಳು ಮಾತ್ರ ಮಲಗಿಯೇ ಇರುತ್ತಿದ್ದರು.

ಕೊನೆಗೆ ಫಲ ಕೊಟ್ಟಿದ್ದು ಅಂಗಳದಲ್ಲೇ ಇದ್ದ ರೇನ್‌ಗೇಜು, ಅಂದರೆ ಮಳೆ ಅಳೆಯುವ ಸಾಧನ.

ತೋಟದವರ ಮನೆಯಲ್ಲಿ ಬೆಳಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುವುದು ಎಷ್ಟು ಮುಖ್ಯ ಅಂತ ನಮಗೆಲ್ಲ ಗೊತ್ತು. ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ), ಅದಾದ ಮೇಲೇ ಕಾಫಿ. ಒಂದು ದಿನ ನಮ್ಮವರು ಊರಲ್ಲಿರಲಿಲ್ಲ, ಅಳೆಯಲು ಯಾರಿಲ್ಲ. ದೊಡ್ಡವಳು ಆಗ ತಾನೇ 100ರ ತನಕ ಎಣಿಸಲು ಕಲಿತಿದ್ದಳು. "ಇವತ್ತಿನ ಮಳೆ ಲೆಕ್ಕ ನಿಂದು, ಅಪ್ಪ ಫೋನ್ ಮಾಡಿ ಕೇಳ್ತಾರೆ" ಅಂದೆ. ಕಂಬಳಿ ಹಾರಿತು. ಬರಿಗಾಲಲ್ಲೇ ಓಡಿದಳು. ಬಾಟ್ಲಿಯ ನೀರನ್ನು ಅಳತೆ ಗ್ಲಾಸಿಗೆ ಸುರಿದಳು. ಕಣ್ಣನ್ನು ಗೆರೆಯ ಮಟ್ಟಕ್ಕೆ ಇಳಿಸಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದಳು. "ಒಂದು ಇಂಚು ನಲವತ್ತು ಸೆಂಟು. ಒಂದು ಇರುವೆ." ಡೈರಿಯಲ್ಲಿ ಇರುವೆಯನ್ನೂ ಬರೆಸಿದಳು. ಆ ಪುಟ ಈಗಲೂ ಇದೆ.

ಮಾರನೇ ದಿನದಿಂದ ನಿಯಮ ಮಾಡಿದೆ. ರೇನ್‌ಗೇಜ್ ತೋಟದ ಆಫೀಸಿನ ಸಾಮಾನು. ಯೂನಿಫಾರಂ ಹಾಕಿ, ತಲೆ ಬಾಚಿ, ತಿಂಡಿ ತಿಂದವರು ಮಾತ್ರ ಮುಟ್ಟಬಹುದು. ಇಡೀ ವಿಧಾನ ಇಷ್ಟೇ. ಕೆಲಸ ನಿಜವಾದದ್ದಾಗಿರಬೇಕು, ಲೆಕ್ಕ ದೊಡ್ಡವರು ನಿಜವಾಗಿ ಬಳಸಬೇಕು. ಆಟದ ರೇನ್‌ಗೇಜ್ ಮಾಡಿಕೊಟ್ಟರೆ ಎರಡೇ ದಿನದಲ್ಲಿ ಮಕ್ಕಳಿಗೆ ಗೊತ್ತಾಗುತ್ತೆ. ಚಿಕ್ಕವನಿಗೆ ಕೊಡೆಯ ಕೆಲಸ. ಅಕ್ಕ ಅಳೆಯುವಾಗ ಗ್ಲಾಸಿಗೆ ಹೊಸ ಮಳೆ ಬೀಳದಂತೆ ಕೊಡೆ ಹಿಡಿಯಬೇಕು. ಅವನು ಗ್ಲಾಸಿಗೆ ಸರಿಯಾಗಿ ಹಿಡಿಯುತ್ತಿದ್ದ. ಅಕ್ಕನೂ ಅವನೂ ಪೂರ್ತಿ ನೆನೆಯುತ್ತಿದ್ದರು.

"ಗಾಜಿನ ಸಾಮಾನು ಮಕ್ಕಳ ಕೈಗೆ ಕೊಡ್ತೀಯಲ್ಲಮ್ಮ" ಅಂತ ಅತ್ತೆ ಬೇಜಾರು ಮಾಡಿಕೊಂಡರು. ಗ್ಲಾಸು ಒಡೆದೂ ಹೋಯಿತು. ಪ್ಲಾಸ್ಟಿಕ್ಕಿನದು ತರಿಸಿದೆವು, ಇನ್ನೂರೋ ಇನ್ನೂರೈವತ್ತೋ ಆಯಿತು. ಈ ವಿಧಾನಕ್ಕೆ ನನ್ನ ಕೈಯಿಂದ ಬಿದ್ದ ಖರ್ಚು ಅದೊಂದೇ. ಪಕ್ಕದ ತೋಟದ ಹಿರಿಯರು ದಿನಾ ಬೆಳಗ್ಗೆ ಫೋನ್ ಮಾಡಿ ನಮ್ಮ ಮಳೆ, ಅವರ ಮಳೆ ಹೋಲಿಸಿ ನೋಡುವವರು. "ಮಕ್ಕಳು ಅಳೆದರೆ ಅದು ಲೆಕ್ಕವೇ?" ಅಂತ ಅವರ ವಾದ. ಒಂದು ತಿಂಗಳು ಸುಮ್ನೆ ಕಾದೆ. ಅವರ ಡೈರಿಗೂ ನಮ್ಮ ಡೈರಿಗೂ ದಿನಕ್ಕೆ ಐದಾರು ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ. ಎರಡು ತೋಟದ ಮಧ್ಯೆ ಒಂದು ಗುಡ್ಡ ಇದೆ, ಅಷ್ಟು ವ್ಯತ್ಯಾಸ ಇರಲೇಬೇಕು.

ಒಂದು ದಿನ ಮಾತ್ರ ಭಾರಿ ಗಲಾಟೆ ಆಯಿತು. ಆಗಸ್ಟ್ ತಿಂಗಳು, ರಾತ್ರಿ ಬರೀ ಜಡಿ ಮಳೆ. ನಾನು ಒಳಗೆ ಟಿಫಿನ್ ಬಾಕ್ಸ್ ತುಂಬುತ್ತಿದ್ದೆ. ದೊಡ್ಡವಳು ಮೂರು ಸಲ ಗ್ಲಾಸ್ ತುಂಬಿ ಚೆಲ್ಲಿ ಎಣಿಸಿ, ನಾನು ನೋಡುವ ಮೊದಲೇ ಪಕ್ಕದ ತಾತನಿಗೆ ಫೋನಿನಲ್ಲಿ ಏಳು ಇಂಚು ಅಂತ ಹೇಳಿಬಿಟ್ಟಿದ್ದಾಳೆ. 2018ರ ಆಗಸ್ಟ್ ಕಂಡವರು ನಾವು. ಆ ವರ್ಷ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳೇ ಕುಸಿದಿದ್ದವು. ಏಳು ಇಂಚು ಅಂದರೆ ಯಾರೂ ಕೂತಲ್ಲೇ ಕೂರಲ್ಲ. ಹತ್ತೇ ನಿಮಿಷದಲ್ಲಿ ಅವರ ಜೀಪು ನಮ್ಮ ಅಂಗಳದಲ್ಲಿತ್ತು. ತೋಡಿನಲ್ಲಿ ನೀರು ಏರಿದೆಯಾ, ಮನೆ ಹಿಂದಿನ ಮಣ್ಣಿನ ದಿಣ್ಣೆ ಬಿರುಕು ಬಿಟ್ಟಿದೆಯಾ ಅಂತ ಸುತ್ತ ನೋಡುತ್ತಿದ್ದಾರೆ. ಅಷ್ಟರಲ್ಲಿ ದೊಡ್ಡವಳು ಗ್ಲಾಸಿಗೆ ಬೆರಳು ಅದ್ದಿ ಕೂಗಿದಳು: "ಅಮ್ಮಾ, ಇವತ್ತು ಬಿಸಿ ಮಳೆ ಬಂದಿದೆ!"

ನಾನೂ ಬೆರಳು ಅದ್ದಿದೆ. ಬೆಚ್ಚಗಿತ್ತು. ಸೋಪಿನ ನೊರೆಯೂ ಇತ್ತು.

ಚಿಕ್ಕವನು ಕೊಡೆಯ ಹಿಂದೆ ಅಡಗಿದ್ದ. ಸ್ನಾನದ ಹಂಡೆಯಿಂದ ಚೊಂಬಿನಲ್ಲಿ ನೀರು ತಂದು ಸುರಿದಿದ್ದಾನೆ. ಯಾಕೋ ಅಂತ ಕೇಳಿದರೆ, "ಮಳೆ ಕಮ್ಮಿ ಬಂದ್ರೆ ಡಿಸಿ ರಜೆ ಕೊಡಲ್ವಲ್ಲ." ಜಿಲ್ಲಾಧಿಕಾರಿಗಳು ಮಳೆ ನೋಡಿ ಶಾಲೆಗೆ ರಜೆ ಘೋಷಿಸುವುದು ಕೊಡಗಿನ ಪ್ರತಿ ಮಗುವಿಗೂ ಗೊತ್ತು. ನಮ್ಮ ಅಂಗಳದ ಲೆಕ್ಕವೇ ನೇರ ಮಡಿಕೇರಿಗೆ ಹೋಗುತ್ತೆ ಅಂತ ಇವನು ತಿಳಿದಿದ್ದಾನೆ. ಪಕ್ಕದ ಹಿರಿಯರು ಜಗಲಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾಫಿ ಕುಡಿದು, ಹೋಗುವಾಗ ಅವನ ಕೈಗೆ ಐವತ್ತು ರೂಪಾಯಿ ಇಟ್ಟರು. ಅವತ್ತಿನಿಂದ ಮಕ್ಕಳ ಅಳತೆಯನ್ನು ಅವರು ಒಂದು ಸಲವೂ ಅನುಮಾನಿಸಿಲ್ಲ. ಬಿಸಿ ನೀರನ್ನು ಪತ್ತೆ ಮಾಡಿದ್ದು ಅಳೆದವಳೇ ಅಲ್ವಾ.

ಬೆಳಗಿನದು ಸರಿಹೋದ ಮೇಲೆ ಬೇರೆ ಕಡೆಯೂ ಪ್ರಯೋಗ ಮಾಡಿದೆ. ಜಿಗಣೆ ಕಂಡರೆ ಇಬ್ಬರೂ ಊರು ಒಂದು ಮಾಡುತ್ತಿದ್ದರು. ದೊಡ್ಡವಳಿಗೆ ಉಪ್ಪಿನ ಡಬ್ಬಿ ಕೊಟ್ಟು, ಮನೆಗೆ ಬಂದವರ ಕಾಲು ನೋಡುವ ಕೆಲಸ ಕೊಟ್ಟೆ. ಹೆದರಿಕೆ ಎಲ್ಲಿ ಹೋಯಿತೋ. ಸಾಲದ ವಿಚಾರಕ್ಕೆ ಬ್ಯಾಂಕಿನಿಂದ ಒಬ್ಬರು ಬಂದಿದ್ದರು. "ಅಂಕಲ್, ಪ್ಯಾಂಟು ಮೇಲೆ ಮಾಡಿ, ಸಾಕ್ಸ್ ಇಳಿಸಿ" ಅಂದಳು. ಅವರು ನಗುತ್ತಾ ಇಳಿಸಿದರೆ ರಕ್ತ ಕುಡಿದು ಉಬ್ಬಿದ ಎರಡು ಜಿಗಣೆ. ಅವರಿಗೆ ಗೊತ್ತೇ ಆಗಿರಲಿಲ್ಲ. ಈಗ ಅವರು ಬಂದರೆ ಮೆಟ್ಟಿಲ ಹತ್ತಿರವೇ ತಾವಾಗಿ ಕಾಲು ಮುಂದೆ ಚಾಚುತ್ತಾರೆ.

ಊಟದ ವಿಚಾರದಲ್ಲಿ ಅರ್ಧ ಗೆದ್ದೆ, ಅರ್ಧ ಇಲ್ಲ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡುತ್ತೇವಲ್ಲ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಇರುತ್ತೆ ಅಂತ ಹಿರಿಯರು ಹೇಳುತ್ತಾರೆ. ಅದರ ಘಾಟಿಗೆ ಮಕ್ಕಳು ಹತ್ತಿರ ಬರುತ್ತಿರಲಿಲ್ಲ. ಸೊಪ್ಪು ಕೀಳುವುದು, ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ಬಂದಾಗ ಕೂಗಿ ಹೇಳುವುದು, ಈ ಎರಡು ಕೆಲಸ ಅವರಿಗೇ ಬಿಟ್ಟೆ. ಕೂಗಿದ ಕೂಗಿಗೆ ಕೆಲಸದವರು ಓಡಿ ಬಂದರು. ಇಬ್ಬರೂ ಎರಡೆರಡು ಬಟ್ಟಲು ತಿಂದರು. ಮಾರನೇ ದಿನ ಮೂತ್ರ ಕೆಂಪಗಾಗುವುದು ನಮಗೆ ಗೊತ್ತು, ಚಿಕ್ಕವನಿಗೆ ಗೊತ್ತಿರಲಿಲ್ಲ. ಬಚ್ಚಲಿಂದ ಕೂಗಿದ: "ಅಮ್ಮಾ, ನನ್ನ ಬಣ್ಣ ಸೋರ್ತಾ ಇದೆ!" ಪಾಯಸದಿಂದ ಅಂತ ಹೇಳಿದ ಮೇಲೆ ಅವನಿಗೆ ಹೆಮ್ಮೆಯೋ ಹೆಮ್ಮೆ. ವ್ಯಾನಿನಲ್ಲಿ ಎಲ್ಲರಿಗೂ ಹೇಳಿದ್ದಾನೆ. ಬಯಲುಸೀಮೆಯಿಂದ ಹೊಸದಾಗಿ ಬಂದಿದ್ದ ಟೀಚರ್ ಗಾಬರಿಯಾಗಿ ನನಗೆ ಫೋನ್ ಮಾಡಿದರು. ಅವರಿಗೂ ಒಂದು ಡಬ್ಬಿ ಪಾಯಸ ಕಳಿಸಿದೆ.

ಹಾಗಲಕಾಯಿಗೆ ಇದೇ ಉಪಾಯ ಮಾಡಿದೆ. ಬಳ್ಳಿ ಹಾಕಿದರು, ನೀರು ಹಾಕಿದರು, ಕಾಯಿ ಕಿತ್ತರು, ಪಲ್ಯ ಅಜ್ಜಿಗೆ ಬಡಿಸಿದರು. ತಿನ್ನಲಿಲ್ಲ.

ಮಳೆ ನಿಂತ ಮೇಲೆ ಏನು ಮಾಡ್ತೀಯ ಅಂತ ಅತ್ತೆ ಕೇಳಿದ್ದರು. ಸರಿಯಾದ ಪ್ರಶ್ನೆ. ನವೆಂಬರಿನಲ್ಲಿ ಬಾಟ್ಲಿ ಖಾಲಿ ಇರುತ್ತೆ, ಕಂಬಳಿ ಮತ್ತೆ ಮೈಮೇಲೆ. ಎರಡು ವಾರ ಹಳೇ ಅಳು ಶುರುವಾಯಿತು. ಕೊಯ್ಲು ಬಂದ ಮೇಲೆ ಕಣದ ಕೆಲಸ ಕೊಟ್ಟೆ. ಶಾಲೆಗೆ ಹೊರಡುವ ಮೊದಲು ಒಣಗಲು ಹಾಕಿದ ಕಾಫಿಯ ಒಂದು ಮೂಲೆಯನ್ನು ಕಾಲಲ್ಲಿ ಸಾಲು ಎಳೆದು ತಿರುವಬೇಕು. ಇಬ್ಬರೂ ಐದೇ ನಿಮಿಷದಲ್ಲಿ ಮುಗಿಸುತ್ತಾರೆ. ಆದರೆ ಇದರಿಂದ ಒಂದು ಹೊಸ ಖರ್ಚು ಬಂತು.

ಶನಿವಾರ ಸಂಜೆ ಜಗಲಿಯಲ್ಲಿ ಕೆಲಸದವರಿಗೆ ಕೂಲಿ ಬಟವಾಡೆ. ಏಳೆಂಟು ಜನ ಸಾಲಾಗಿ ನಿಂತಿರುತ್ತಾರೆ. ಆ ವಾರ ಕೊನೆಯಲ್ಲಿ ದೊಡ್ಡವಳು, ಅವಳ ಕೈ ಹಿಡಿದು ತಮ್ಮ. ಅಪ್ಪನ ಮುಂದೆ ಬಂದು ಕೈ ಚಾಚಿದಳು. ಅವರು ಹತ್ತು ರೂಪಾಯಿ ಕೊಟ್ಟು ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡರು. ಅವಳು ಕದಲಲಿಲ್ಲ.

"ಅಡ್ವಾನ್ಸ್ ಬೇಕಿತ್ತು."

"ಯಾಕಮ್ಮಾ?"

"ಮನೇಲಿ ಕಷ್ಟ ಇದೆ."

"ಏನು ಕಷ್ಟ?"

ತಮ್ಮನ ಕಡೆ ತಿರುಗಿ ನೋಡಿದಳು. "ಇವನು ಇದ್ದಾನಲ್ಲ."

ಸಾಲಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಡ್ವಾನ್ಸ್ ಸಿಕ್ಕಿತು, ಇಪ್ಪತ್ತು ರೂಪಾಯಿ. ಎರಡು ವಾರದ ಕೂಲಿಯಲ್ಲಿ ಮುರಿದುಕೊಂಡೆವು. ವಾರಕ್ಕೆ ಇಬ್ಬರಿಗೂ ಸೇರಿ ಇಪ್ಪತ್ತು ರೂಪಾಯಿ ಅಂದರೂ ಚಾಕೊಲೇಟಿನ ಖರ್ಚಿನ ಕಾಲು ಭಾಗವೂ ಇಲ್ಲ.

ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಇದೆಯಲ್ಲ, ಅದು ಬಿದ್ದು ಒಂಬತ್ತು ದಿನದ ಹೊತ್ತಿಗೆ ಕಾಫಿ ಹೂ ಅರಳುತ್ತೆ, ಆಗ ರೇನ್‌ಗೇಜಿಗೆ ಮತ್ತೆ ಜೀವ ಬರುತ್ತೆ. ಈ ಸಲ ಮುಕ್ಕಾಲು ಪಾಲು ತೋಟಕ್ಕೆ ಒಂದು ಇಂಚಿನ ಮೇಲೆ ಬಂತು. ದೊಡ್ಡವಳು ಕ್ಯಾಲೆಂಡರಿನಲ್ಲಿ ಒಂಬತ್ತು ಮನೆ ಎಣಿಸಿ 'ಹೂ' ಅಂತ ಬರೆದಳು. ಆ ದಿನ ಬೆಳಗ್ಗೆ ನಾವು ಏಳುವ ಮೊದಲೇ ಇಬ್ಬರೂ ಜಗಲಿಯಲ್ಲಿದ್ದರು. ತೋಟ ಬೆಳ್ಳಗೆ ಅರಳಿತ್ತು. "ನಾನು ಬರೆದಿದ್ದಕ್ಕೇ ಬಂತು" ಅಂತ ಅವಳು, "ನಾನು ಕೊಡೆ ಹಿಡಿದಿದ್ದಕ್ಕೆ" ಅಂತ ಇವನು. ವ್ಯಾನ್ ಬರುವ ತನಕ ಜಗಳ.

ಜ್ವರ ಬಂದು ಎದ್ದ ದಿನ, ಇಬ್ಬರೂ ಸೇರಿ ಹಟ ಹಿಡಿದ ದಿನ, ಇದ್ಯಾವುದೂ ನಡೆಯಲ್ಲ. ಅದಕ್ಕೆ ನನ್ನ ಹತ್ತಿರ ಒಂದು ಮಾತಿದೆ. ಕಿವಿಯಲ್ಲಿ ಹೇಳಿದರೆ ಎರಡು ನಿಮಿಷದಲ್ಲಿ ಎದ್ದು ಕೂರುತ್ತಾರೆ. ಚಿಕ್ಕವನಿಗೆ ಕಹಿ ಔಷಧಿ ಕುಡಿಸುವ ಉಪಾಯವೂ ಒಂದಿದೆ. ಎರಡನ್ನೂ ಇಲ್ಲಿ ಬರೆಯಲ್ಲ. ದೊಡ್ಡವಳಿಗೆ ಈಗ ಕನ್ನಡ ಸಲೀಸಾಗಿ ಓದಲು ಬರುತ್ತೆ.

ಈಗ ಚಿಕ್ಕವನಿಗೆ ಬಡ್ತಿ ಬೇಕಂತೆ. ಕೊಡೆ ಸಾಕು, ಅಳೆಯುವ ಕೆಲಸ ಬೇಕು ಅಂತಾನೆ. 60ರ ತನಕ ತಪ್ಪಿಲ್ಲದೆ ಎಣಿಸುತ್ತಾನೆ, ಆಮೇಲೆ ನೇರ 100ಕ್ಕೆ ಹಾರುತ್ತಾನೆ. ಅಕ್ಕ ತನ್ನ ಗ್ಲಾಸು ಬಿಟ್ಟುಕೊಡಲ್ಲ. ಹಾಗಾಗಿ ಎರಡನೇ ರೇನ್‌ಗೇಜ್ ತರಿಸುತ್ತಿದ್ದೇವೆ, ಎಂಟುನೂರರ ಆಸುಪಾಸು ಆಗಬಹುದು. ಮನೆ ಹಿಂದೆ, ಬಚ್ಚಲಿನಿಂದ ಆದಷ್ಟು ದೂರದಲ್ಲಿ ನೆಡಿಸಬೇಕು. ಜೂನ್ ಮೊದಲ ವಾರಕ್ಕೆ ಕಂಬ ಸಿದ್ಧವಾಗಿರಲಿ ಅಂತ ಪಕ್ಕದ ಹಿರಿಯರೇ ಒಂದು ಸಿಲ್ವರ್ ಓಕ್ ಮರದ ತುಂಡು ಕಳಿಸಿಕೊಟ್ಟಿದ್ದಾರೆ.