ಹತ್ತಿದ ಗೇರಿನಲ್ಲೇ ಇಳಿಯಬೇಕಿತ್ತು

ನಾನು ಸಕಲೇಶಪುರದ ಕಡೆಯವನು. ಡ್ರೈವಿಂಗ್ ಕಲಿತದ್ದು ತೋಟದ ಜೀಪಿನಲ್ಲಿ, ಕೈ ಪಳಗಿದ್ದು ಶಿರಾಡಿ ಘಾಟಿಯಲ್ಲಿ. ಹಾಗಾಗಿ ಅಮೆರಿಕದ ಡೆನ್ವರಿನ ಗೆಳೆಯರು "ಟ್ರೇಲ್ ರಿಡ್ಜ್ ರೋಡಲ್ಲಿ ಹುಷಾರು ಮಾರಾಯ, ಕೆಲವು ಕಡೆ ತಡೆಗೋಡೆನೇ ಇಲ್ಲ" ಅಂದಾಗ ಒಳಗೊಳಗೇ ನಕ್ಕಿದ್ದೆ.

ಕಳೆದ ಜುಲೈನಲ್ಲಿ ಕೊಲರಾಡೊ ರಾಜ್ಯದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿನ ಮೊರೇನ್ ಪಾರ್ಕ್ ಕ್ಯಾಂಪ್‌ಗ್ರೌಂಡಿನಲ್ಲಿ ನಾನೂ ನನ್ನ ಹೆಂಡತಿಯೂ ಮೂರು ರಾತ್ರಿ ಟೆಂಟ್ ಹಾಕಿದ್ದೆವು. ಜಾಗ ಸಿಕ್ಕಿದ್ದು ಆರು ತಿಂಗಳ ಮುಂಚೆ, ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕಾದು ಕೂತು. ಆ ಕ್ಯಾಂಪ್‌ಗ್ರೌಂಡಿನ ಎತ್ತರ ಸುಮಾರು 8,160 ಅಡಿ. ಅಂದರೆ ನಮ್ಮ ಟೆಂಟಿನ ಗೂಟವೇ ಮುಳ್ಳಯ್ಯನಗಿರಿಯ ತುದಿಗಿಂತ ಹೆಚ್ಚುಕಮ್ಮಿ 1,800 ಅಡಿ ಮೇಲೆ. ಇದರ ಅರ್ಥ ಮೊದಲ ರಾತ್ರಿಯೇ ಆಯಿತು. ಆ ಎತ್ತರದಲ್ಲಿ ನೀರು 92 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ಪಾತ್ರೆ ಕೊತಕೊತ ಅನ್ನುತ್ತಿದ್ದರೂ ಸೋನಾ ಮಸೂರಿ ಒಳಗೆ ಗಟ್ಟಿಯಾಗೇ ಉಳಿಯಿತು. ಸಣ್ಣ ಕುಕ್ಕರ್ ತರೋಣ ಅಂದಿದ್ದಳು ನನ್ನವಳು, ಭಾರ ಅಂತ ಬೇಡ ಅಂದವನು ನಾನು. ಹಲ್ಲಿಗೆ ಸಿಗುವ ಅನ್ನಕ್ಕೆ ಮೊಸರು ಕಲಸಿ ಮುಗಿಸಿದೆವು. ಆಮೇಲೆ ಕರಡಿ ಬಾರದ ಹಾಗೆ ವಾಸನೆ ಬರುವುದನ್ನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ಟೂತ್‌ಪೇಸ್ಟ್ ಇಟ್ಟೆವು, ಮಾವಿನಮಿಡಿ ಇಟ್ಟೆವು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೂ ಇಟ್ಟೆವು.

ಎರಡನೇ ದಿನ ಅದೇ ಟ್ರೇಲ್ ರಿಡ್ಜ್ ರೋಡಿನಲ್ಲಿ ಡ್ರೈವ್. ಎಸ್ಟಿಸ್ ಪಾರ್ಕ್ ಅನ್ನುವ ಊರಿನಿಂದ ಗ್ರ್ಯಾಂಡ್ ಲೇಕ್‌ವರೆಗೆ 48 ಮೈಲಿ, ಅದರಲ್ಲಿ 11 ಮೈಲಿ ಮರ ಬೆಳೆಯುವ ಗೆರೆಗಿಂತ ಮೇಲೆ, ಅತಿ ಎತ್ತರದ ಜಾಗ 12,183 ಅಡಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಮಧ್ಯಾಹ್ನದ ಊಟಕ್ಕೆ ಟೆಂಟಿಗೆ ವಾಪಸ್ ಅಂತ ನನ್ನ ಲೆಕ್ಕ. ಪಾರ್ಕಿನೊಳಗೆ ಎಲ್ಲೂ ಪೆಟ್ರೋಲ್ ಬಂಕ್ ಇಲ್ಲ, ಹಾಗಾಗಿ ಹಿಂದಿನ ದಿನವೇ ಎಸ್ಟಿಸ್ ಪಾರ್ಕ್ ಊರಿನಲ್ಲಿ ಟ್ಯಾಂಕ್ ತುಂಬಿಸಿದ್ದೆ. ಆವತ್ತು ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ ಅಂತ ಇವಳ ಅಭಿಪ್ರಾಯ.

ಬೆಳಿಗ್ಗೆ ಆರಕ್ಕೆ ಹೊರಟೆವು. ಮೆನಿ ಪಾರ್ಕ್ಸ್ ಕರ್ವ್ ದಾಟುವವರೆಗೂ ಪೈನ್ ಕಾಡು. ರೇನ್‌ಬೋ ಕರ್ವ್ ಕಳೆದ ಮೇಲೆ ಮರಗಳು ಕುಳ್ಳಗಾಗುತ್ತಾ ಬಂದವು. ಗಾಳಿಯ ಹೊಡೆತಕ್ಕೆ ಒಂದೇ ಕಡೆ ಕೊಂಬೆ ಉಳಿಸಿಕೊಂಡು, ಬಾವುಟ ಹಿಡಿದ ಹಾಗೆ ನಿಂತಿರುತ್ತವೆ. ಸ್ವಲ್ಪ ಮುಂದೆ ಅವೂ ಇಲ್ಲ. ಗೆಳೆಯರು ಹೇಳಿದ್ದು ನಿಜ, ರಸ್ತೆಯ ಅಂಚು ಮುಗಿದಲ್ಲಿ ಆಕಾಶವೇ ಶುರು. ಇವಳು ದಾವಣಗೆರೆಯವಳು, ಬಯಲುಸೀಮೆ. ಬಾಗಿಲ ಹಿಡಿ ಬಿಗಿಹಿಡಿದು "ಮಾತಾಡಬೇಡಿ, ಮುಂದೆ ನೋಡಿ" ಅಂದಳು. ಹಿಂದಿನ ಸೀಟಿನಲ್ಲಿದ್ದ ಕೋಡುಬಳೆ ಪ್ಯಾಕೆಟ್ ಎತ್ತರದ ತೆಳುಗಾಳಿಗೆ ಬಲೂನಿನ ಹಾಗೆ ಉಬ್ಬಿತ್ತು.

ರಾಕ್ ಕಟ್ ಹತ್ತಿರ ನಿಲ್ಲಿಸಿ ಟಂಡ್ರಾ, ಅಂದರೆ ಮರ ಬೆಳೆಯದ ಚಳಿನೆಲದ, ಹಾದಿಯಲ್ಲಿ ನಡೆದೆವು. ಒಂದು ಕಡೆಗೆ ಅರ್ಧ ಮೈಲಿ ಅಷ್ಟೇ, ಡಾಂಬರು ಹಾಕಿದ ದಾರಿ. ಆದರೂ ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆಯಬೇಕು. ಕಾರಿನೊಳಗೆ ಗೊತ್ತಾಗದ ಎತ್ತರ ಕಾಲಿಗೆ ಗೊತ್ತಾಗುತ್ತದೆ. ಅಲ್ಲಿನ ಗಿಡಗಳು ಒಂದು ಬೆರಳು ಉದ್ದ. ದಾರಿ ಬಿಟ್ಟು ಕಾಲಿಡಬೇಡಿ ಅಂತ ಬೋರ್ಡು, ತುಳಿದ ಗಿಡ ಚೇತರಿಸಿಕೊಳ್ಳಲು ದಶಕಗಳೇ ಬೇಕಂತೆ. ಆ ಕುಳ್ಳ ಹಸಿರಿನ ನಡುವೆ ಮೈಗೆ ಮೀರಿದ ದೊಡ್ಡ ಹಳದಿ ಹೂವು, ಹೆಚ್ಚಿನವು ಪೂರ್ವಕ್ಕೇ ಮುಖ ಮಾಡಿದ್ದವು. 'ಓಲ್ಡ್ ಮ್ಯಾನ್ ಆಫ್ ದ ಮೌಂಟನ್' ಅನ್ನುತ್ತಾರೆ. ವರ್ಷಗಟ್ಟಲೆ ಶಕ್ತಿ ಕೂಡಿಟ್ಟು ಒಂದೇ ಸಲ ಹೂ ಬಿಟ್ಟು ಸಾಯುವ ಗಿಡ ಅದು. ನಮ್ಮ ಕುರಿಂಜಿಯ ಜಾತಿಯಲ್ಲ, ಆದರೆ ಸ್ವಭಾವ ಅದೇ.

ಎಂಟೂವರೆಗೆ ಆಲ್ಪೈನ್ ವಿಸಿಟರ್ ಸೆಂಟರ್ ಮುಂದೆ ನಿಂತು ಗೊಜ್ಜವಲಕ್ಕಿ ತಿಂದೆವು. ಇವಳಿಗೆ ಆಗಲೇ ತಲೆನೋವು. ಎತ್ತರದ ತಲೆನೋವಿಗೆ ನೀರು ಕುಡಿದು ಕೆಳಗಿಳಿಯುವುದೇ ಮದ್ದು. ಅದಕ್ಕೇ ಗ್ರ್ಯಾಂಡ್ ಲೇಕ್ ದಿಕ್ಕಿನಲ್ಲಿ ಸ್ವಲ್ಪ ಬೇಗ ಬೇಗ ಇಳಿಯತೊಡಗಿದೆ.

ದಾರಿಯಲ್ಲಿ ಮಿಲ್ನರ್ ಪಾಸ್. ಅಮೆರಿಕದ ನೀರು ಎರಡಾಗುವ ಜಾಗ: ಒಂದು ಕಡೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಕಡೆಯದು ಪೆಸಿಫಿಕ್ ಕಡೆಗೆ. ತಮಾಷೆ ಅಂದರೆ ಅದು ರಸ್ತೆಯ ಅತಿ ಎತ್ತರದ ಜಾಗವೇ ಅಲ್ಲ, ಅದಕ್ಕಿಂತ 1,400 ಅಡಿ ಕೆಳಗಿದೆ. ಪಕ್ಕದಲ್ಲಿ ಒಂದು ಕೆರೆ, ಒಂದು ಬೋರ್ಡು, ಫೋಟೋಗೆ ಸಾಲು. ನನಗೆ ಬಿಸಿಲೆಯ ರಿಡ್ಜ್ ನೆನಪಾಯಿತು. ಅಲ್ಲಿಯೂ ಹೀಗೇ, ಈಚೆಗೆ ಬಿದ್ದ ಹನಿ ಹೇಮಾವತಿ ಸೇರಿ ಬಂಗಾಳ ಕೊಲ್ಲಿಗೆ, ಆಚೆಗೆ ಬಿದ್ದದ್ದು ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ. ಇದನ್ನೆಲ್ಲ ಇವಳಿಗೆ ಉತ್ಸಾಹದಿಂದ ವಿವರಿಸುತ್ತಾ ಇಳಿಯುತ್ತಿದ್ದೆ. "ಏನೋ ಸುಟ್ಟ ವಾಸನೆ" ಅಂದಳು.

ಯಾರದೋ ಲಾರಿ ಇರಬೇಕು ಅಂದೆ. ಆ ರಸ್ತೆಯಲ್ಲಿ ಲಾರಿ ಎಲ್ಲಿಂದ ಬರಬೇಕು? ಫಾರ್‌ವ್ಯೂ ಕರ್ವ್ ಬಂತು, ಪಕ್ಕಕ್ಕೆ ಹಾಕಿ ಇಳಿದು ನೋಡಿದರೆ ನಮ್ಮದೇ ಮುಂದಿನ ಚಕ್ರ. ಕೈ ಹತ್ತಿರ ಒಯ್ದರೆ ಕಾವಲಿಯ ಬಿಸಿ ಹೊಡೆಯುತ್ತಿತ್ತು.

ಹತ್ತಿದ ಗೇರಿನಲ್ಲೇ ಇಳಿಯಬೇಕು. ಜೀಪು ಕಲಿಸಿದ ಚಿಕ್ಕಪ್ಪ ನನಗೆ ಹೇಳಿದ ಮೊದಲ ಮಾತು ಇದು. ಸೆಕೆಂಡಿನಲ್ಲಿ ಹತ್ತಿದ್ದರೆ ಸೆಕೆಂಡಿನಲ್ಲೇ ಇಳಿ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕಿಗೆ ಬರೀ ಕಾಲು ತಾಗಿಸಿದರೆ ಸಾಕು. ಆಟೊಮ್ಯಾಟಿಕ್ ಕಾರಿಗೆ ಹತ್ತು ವರ್ಷ ಒಗ್ಗಿ ಹೋಗಿ ಗೇರು ಅನ್ನುವುದೊಂದಿದೆ ಅನ್ನೋದೇ ಮರೆತಿದ್ದೆ. 'ಡಿ'ಯಲ್ಲಿ ಬಿಟ್ಟು ಇಡೀ ದಾರಿ ಬ್ರೇಕ್ ಒತ್ತಿಕೊಂಡೇ ಬಂದಿದ್ದೆ. ಕೆಳಗೆ 'ಎಲ್' ಅಂತ, ಅಂದರೆ ಲೋ ಗೇರು, ಇರುವುದು ಇದಕ್ಕೇ. ಇವಳು ನೀರಿನ ಬಾಟಲಿ ತೆಗೆದುಕೊಂಡು ಬಂದಳು, ಬೇಡ ಅಂದೆ. ಕಾದ ಡಿಸ್ಕಿಗೆ ತಣ್ಣೀರು ಹಾಕಿದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ತಾನಾಗಿ ತಣಿಯಲು ಬಿಡುವುದೇ ಸರಿ.

ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಎದುರಿಗೆ ನೆವರ್ ಸಮ್ಮರ್ ಬೆಟ್ಟಸಾಲು, ಜುಲೈನಲ್ಲೂ ಹಿಮದ ಪಟ್ಟೆ. ಅದರ ಹೊಟ್ಟೆಗೆ ಅಡ್ಡಡ್ಡ ಸ್ಕೇಲ್ ಇಟ್ಟು ಗೀರಿದ ಹಾಗೆ ಒಂದು ಗೆರೆ. ರಸ್ತೆ ಅಂದುಕೊಂಡಿದ್ದೆ. ಅಲ್ಲ, ಗ್ರ್ಯಾಂಡ್ ಡಿಚ್ ಅನ್ನುವ ಕಾಲುವೆ. 1890ರಲ್ಲಿ ತೋಡಲು ಶುರು ಮಾಡಿ 1936ರ ಹೊತ್ತಿಗೆ ಮುಗಿಸಿದ್ದು. ಪಶ್ಚಿಮಕ್ಕೆ, ಕೊಲರಾಡೊ ನದಿಗೆ ಹೋಗಬೇಕಾದ ನೀರನ್ನು ಬೆಟ್ಟದ ಮೇಲೇ ಅಡ್ಡಗಟ್ಟಿ ಪೂರ್ವದ ಒಣ ಬಯಲಿನ ಹೊಲಗಳಿಗೆ ತಿರುಗಿಸುತ್ತದೆ. ಇವಳು ನನ್ನ ಮುಖ ನೋಡಿದಳು. "ಎತ್ತಿನಹೊಳೆ" ಅಂದಳು. ನಮ್ಮ ಮನೆಯಲ್ಲಿ ಆ ಮಾತು ಬಂದರೆ ಊಟ ತಣ್ಣಗಾಗುತ್ತದೆ. ನೀರು ಹೋಗುವ ಊರಿನವನು ನಾನು, ಕೋಲಾರದವರ ಬಾಯಾರಿಕೆಯ ಪರವಾಗಿ ಮಾತಾಡುವವಳು ಇವಳು. ಆವತ್ತು ಮಾತ್ರ ಜಗಳ ಆಗಲಿಲ್ಲ. ಬ್ರೇಕ್ ಸುಟ್ಟುಕೊಂಡವನಿಗೆ ವಾದ ಮಾಡುವ ಮುಖ ಎಲ್ಲಿಂದ?

ಕಣಿವೆಗೆ ಇಳಿದದ್ದು 'ಎಲ್'ನಲ್ಲಿ. ಎಂಜಿನ್ ಗುರ್ ಅಂದಿತು, ವಾಸನೆ ಬರಲಿಲ್ಲ. ಗ್ರ್ಯಾಂಡ್ ಲೇಕ್ ಊರಿನವರೆಗೆ ಹೋಗಲೇ ಇಲ್ಲ. ಕಾಯೊಟಿ ವ್ಯಾಲಿ ಹತ್ತಿರ ನಿಲ್ಲಿಸಿ ಕೊಲರಾಡೊ ನದಿಯಲ್ಲಿ ಕಾಲಿಟ್ಟುಕೊಂಡು ಕೂತೆವು. ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ನದಿ ಇಲ್ಲಿ ನಮ್ಮೂರಿನ ಹಳ್ಳದಷ್ಟೇ ಅಗಲ. ಇವಳ ತಲೆನೋವೂ ಇಳಿದಿತ್ತು.

ಹನ್ನೆರಡಾಗುವ ಹೊತ್ತಿಗೆ ನನ್ನ ಎರಡನೇ ತಪ್ಪು ಕಾಣಿಸಿತು. ಬೇಸಿಗೆಯಲ್ಲಿ ಆ ಬೆಟ್ಟಗಳ ಮೇಲೆ ಮಧ್ಯಾಹ್ನದ ಗುಡುಗುಮಳೆ ಮಾಮೂಲು, ಮರವಿಲ್ಲದ ನೆತ್ತಿಯಲ್ಲಿ ಮಿಂಚಿಗೆ ಎತ್ತರದ ವಸ್ತು ಮನುಷ್ಯನೇ. ಅದಕ್ಕೇ ಬೆಳಿಗ್ಗೆ ಆರಕ್ಕೆ ಹೊರಟದ್ದು. ಆದರೆ ಹೋದ ದಾರಿಯಲ್ಲೇ ವಾಪಸ್ ಬರಬೇಕಾದರೆ ನೆತ್ತಿಯನ್ನು ಎರಡು ಸಲ ದಾಟಬೇಕು, ಎರಡನೇ ಸಲ ಸರಿಯಾಗಿ ಗುಡುಗಿನ ಹೊತ್ತಿಗೇ ಬರುತ್ತದೆ ಅನ್ನೋದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಮೇಲೆ ಕಪ್ಪಗಾಗುತ್ತಿತ್ತು. ಸುಮ್ಮನೆ ಕಣಿವೆಯಲ್ಲೇ ಉಳಿದೆವು. 2020ರ ಅಕ್ಟೋಬರಿನ ಕಾಡ್ಗಿಚ್ಚಿಗೆ ಕರಕಲಾದ ಬೋಳು ಮರಗಳು ಒಂದು ಕಡೆ, ನಡುವೆ ಹಸಿರು ಹುಲ್ಲು. ಮೂರು ಗಂಟೆ ಸುಮಾರಿಗೆ ಪೊದೆಯ ಮರೆಯಿಂದ ಒಂದು ಹೆಣ್ಣು ಮೂಸ್ (ಜಿಂಕೆ ಜಾತಿಯ ಭಾರೀ ಪ್ರಾಣಿ), ಹಿಂದೆ ಕಾಲು ಮಾತ್ರ ಉದ್ದ ಇರುವ ಮರಿ. ನಾವು ಕಾರಿನಿಂದ ಇಳಿಯಲಿಲ್ಲ. ಮರಿ ಜತೆಗಿರುವ ಮೂಸ್ ಕರಡಿಗಿಂತ ಹೆಚ್ಚು ಮುನಿಸಿನದು. ಹತ್ತು ನಿಮಿಷ ಅದು ಪೊದೆ ಮೇಯುವ ಸದ್ದು ಕೇಳುತ್ತಾ ಕೂತೆವು, ಎಲೆ ಹರಿಯುವ ಚರ್ ಅನ್ನುವ ಸದ್ದು.

ಐದಕ್ಕೆ ಆಕಾಶ ತೆರೆಯಿತು. ಕೀಲಿ ಇವಳು ತೆಗೆದುಕೊಂಡಳು. ನೆತ್ತಿಯ ಮೇಲೆ ರಸ್ತೆಯ ಅಂಚಿನಲ್ಲಿ ಆಲಿಕಲ್ಲು ಇನ್ನೂ ಬೆಳ್ಳಗೆ ಬಿದ್ದಿತ್ತು. ಟಂಡ್ರಾ ಮೇಲೆ ಓರೆ ಬಿಸಿಲು, ದೂರದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳ ಹಿಂಡು. ರೇನ್‌ಬೋ ಕರ್ವಿನಿಂದ ಕೆಳಗೆ ಲೋ ಗೇರಿನಲ್ಲೇ, ಹಿಂದಿನ ಕಾರುಗಳಿಗೆ ಜಾಗ ಬಿಡುತ್ತಾ, ಬಯಲುಸೀಮೆಯವಳು ಘಟ್ಟ ಇಳಿಸಿದಳು. ನಾನು ಬಾಗಿಲ ಹಿಡಿ ಹಿಡಿದುಕೊಂಡಿದ್ದೆ.

ಕ್ಯಾಂಪಿಗೆ ಬಂದಾಗ ಏಳೂವರೆ. ಕೋಡುಬಳೆ ಪ್ಯಾಕೆಟ್ ಮತ್ತೆ ಸೊರಗಿತ್ತು. ಅನ್ನ ಮಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ, ಉಳಿದ ಗೊಜ್ಜವಲಕ್ಕಿಗೆ ಬಿಸಿನೀರು ಚಿಮುಕಿಸಿ ತಿಂದೆವು. ಮಳೆ ಅಲ್ಲಿಗೂ ಬಂದು ಹೋಗಿತ್ತು. ಟೆಂಟಿನ ಒಂದು ಪಕ್ಕ ನೆನೆದಿತ್ತು, ನಾನು ಮಲಗುವ ಪಕ್ಕ.